ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಪಾಠ ಮಾಡುತ್ತಾ 6 ವರ್ಷ ಆಯ್ತು. ಈಗ ಸುರತ್ಕಲ್‌ನಲ್ಲಿ ಪಿಎಚ್‌ಡಿಯೋ, ಬೆಂಗಳೂರಿನ ಕಂಪನಿಯೋ?

ಕಾಪು ಕಡಲು ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಇಲ್ಲಿ ಇಸಿ (ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್) ಕಲಿಸಿದವರು, ಕಲಿತವರು ತುಂಬಾ ಜನ ಇದ್ದೀರಿ, ಹಾಗಾಗಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನನಗೆ 31 ವರ್ಷ. ಎಂ.ಟೆಕ್ ಮುಗಿಸಿ 6 ವರ್ಷದಿಂದ ಈ ಕಡೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಮನೆ ಕಾಪು ಹತ್ತಿರ. ಗಂಡನ ಕೆಲಸ ಮಂಗಳೂರಿನಲ್ಲಿ, ಮಗಳಿಗೆ 4 ವರ್ಷ. ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್, ಡಿಎಸ್‌ಪಿ (ಸದ್ದಿನಂತಹ ಸಿಗ್ನಲನ್ನು ಅಂಕಿಗಳಾಗಿ ಮಾಡಿ ಲೆಕ್ಕ ಹಾಕುವ ವಿಷಯ), ಅದರ ಲ್ಯಾಬ್, ಇಷ್ಟು ನನ್ನ ಪಾಲಿನದ್ದು. ಪಾಠ ಮಾಡುವುದು ನನಗೆ ನಿಜವಾಗಿಯೂ ಇಷ್ಟ. ಕ್ಲಾಸಲ್ಲಿ ಕನ್ವಲ್ಯೂಷನ್ ಅನ್ನುವ ಕಷ್ಟದ ಲೆಕ್ಕ ಅರ್ಥ ಆದಾಗ ಹಿಂದಿನ ಬೆಂಚಿನ ಹುಡುಗನ ಮುಖ ಒಂದು ಸಲ ಬದಲಾಗುತ್ತದಲ್ಲ, ಅದನ್ನು ನೋಡಿದ ದಿನ ಮನೆಗೆ ಬರುವಾಗ ಬಸ್ಸಲ್ಲಿ ಸೀಟು ಸಿಗದಿದ್ದರೂ ಬೇಜಾರಾಗುವುದಿಲ್ಲ.

ಆದರೆ ಪಾಠಕ್ಕೆ ಸಿಗುವ ಸಮಯ ವರ್ಷ ವರ್ಷ ಕಮ್ಮಿ ಆಗುತ್ತಿದೆ. ಕೋರ್ಸಿನ ಮಾನ್ಯತೆಗೆ ಎನ್‌ಬಿಎ ಫೈಲು, ಹುಡುಗರು ಎಷ್ಟು ಕಲಿತರು ಅನ್ನುವ ಸಿಓ-ಪಿಓ ಲೆಕ್ಕ, ಕಾಲೇಜಿನ ಮಾನ್ಯತೆಗೆ ನ್ಯಾಕ್ ಸಮಿತಿ, ಅಡ್ಮಿಷನ್ ಡ್ಯೂಟಿ, ವ್ಯಾಲ್ಯೂಯೇಷನ್. ರಾತ್ರಿ ಮಗಳು ಮಲಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ನನ್ನ ಸ್ವಂತ ಓದು. ಪಿಎಚ್‌ಡಿ ಇಲ್ಲದೆ ಮುಂದಿನ ಮೆಟ್ಟಿಲು ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇದರ ನಡುವೆ ಕ್ಲಾಸ್‌ಮೇಟ್ ಒಬ್ಬಳು ಬೆಂಗಳೂರಿನ ಒಂದು ಆಡಿಯೋ ಚಿಪ್ ಕಂಪನಿಗೆ ನನ್ನ ಹೆಸರು ಕೊಟ್ಟಿದ್ದಾಳೆ. ಎರಡು ಸುತ್ತು ಇಂಟರ್‌ವ್ಯೂ ಆಗಿದೆ, ಕೊಡುತ್ತೇವೆ ಅಂತ ಹೇಳಿರುವ ಸಂಬಳ ಈಗಿನದ್ದರ ಮೂರು ಪಟ್ಟಿಗಿಂತ ಜಾಸ್ತಿ.

ಇನ್ನೊಂದು ವಿಷಯ ಹೇಳಬೇಕು. ನನ್ನ ಅಪ್ಪ ಯಕ್ಷಗಾನದ ಹಿಮ್ಮೇಳದಲ್ಲಿ ಮದ್ದಳೆ ನುಡಿಸುತ್ತಿದ್ದವರು. ಚಿಕ್ಕವಳಿದ್ದಾಗ ಚೌಕಿಯಲ್ಲಿ (ವೇಷ ಹಾಕುವ ಕೋಣೆ) ಮಲಗಿಕೊಂಡೇ ಇದು ಚೆಂಡೆ, ಇದು ಮದ್ದಳೆ, ಇದು ಜಾಗಟೆ ಅಂತ ಕಿವಿ ಬಿಡಿಸಿಕೊಳ್ಳುತ್ತಿತ್ತು. ಒಂದೇ ಮೈಕಿನಲ್ಲಿ ಹಿಡಿದ ಆಟದ ರೆಕಾರ್ಡಿಂಗಿನಿಂದ ಭಾಗವತರ ಸ್ವರ, ಚೆಂಡೆಯ ಪೆಟ್ಟು, ಮದ್ದಳೆಯ ಪೆಟ್ಟು ಬೇರೆ ಬೇರೆ ಮಾಡಿ ತೆಗೆಯುವುದು ನನಗೆ ತುಂಬಾ ವರ್ಷದಿಂದ ತಲೆಯಲ್ಲಿರುವ ಪ್ರಾಬ್ಲಂ. ಎಂ.ಟೆಕ್ ಪ್ರಾಜೆಕ್ಟಿಗೆ ಅದನ್ನೇ ಕೇಳಿದೆ. ‘ಇದು ಟಾಪಿಕ್ಕೇ ಅಲ್ಲ, ಎಲ್ಲಿಯೂ ಪಬ್ಲಿಶ್ ಆಗಲ್ಲ’ ಅಂದರು. ಬೇರೆ ಏನೋ ಮಾಡಿ ಮುಗಿಸಿದೆ. ಆ ಮಾತು ಇವತ್ತಿಗೂ ನೋಯುತ್ತದೆ.

ಕೆಲಸ ಬಿಟ್ಟು ಸುರತ್ಕಲ್ ಎನ್‌ಐಟಿಕೆಯಲ್ಲಿ (ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆ) ಫುಲ್ ಟೈಮ್ ಪಿಎಚ್‌ಡಿ ಸೇರುವುದಾ, ಕೆಲಸದಲ್ಲಿ ಇದ್ದುಕೊಂಡೇ ಪಾರ್ಟ್ ಟೈಮ್ ಮಾಡುವುದಾ, ಇಲ್ಲ ಕಂಪನಿಗೆ ಹೋಗುವುದಾ? ಈ ದಾರಿಯಲ್ಲಿ ಪೂರ್ತಿ ನಡೆದವರು ಹೇಗಿತ್ತು ಅಂತ ಹೇಳಿದರೆ ಉಪಕಾರ.

---

ಹಳೆ ಇಸಿ ಮೇಷ್ಟ್ರು ಬರೆದದ್ದು:

ಮೇಡಂ, ನಾನು 34 ವರ್ಷ ಇಸಿ ವಿಭಾಗದಲ್ಲಿ ಪಾಠ ಮಾಡಿ ನಿವೃತ್ತನಾದವನು. ನೀವು ಕೇಳಿದ್ದು ದಾರಿ ಹೇಗಿತ್ತು ಅಂತ. ಮೊದಲು ಅದನ್ನೇ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಈ ಕಡೆ ಎಂಜಿನಿಯರಿಂಗ್ ಕಾಲೇಜು ಅಂದರೆ ಬೆರಳೆಣಿಕೆ. ಮಣಿಪಾಲದ ಎಂಐಟಿ 1957ರದ್ದು, ಸುರತ್ಕಲ್‌ನ ಕೆಆರ್‌ಇಸಿ 1960ರದ್ದು. ಕೆಆರ್‌ಇಸಿ ಎನ್‌ಐಟಿಕೆ ಆದದ್ದು 2002ರಲ್ಲಿ, ನಮ್ಮ ಕಾಲದ ಜನ ಈಗಲೂ ಕೆಆರ್‌ಇಸಿ ಅಂತಲೇ ಹೇಳುತ್ತೇವೆ. ಆಗ ವಿಟಿಯು ಇರಲಿಲ್ಲ, ಅದು ಬಂದದ್ದು 1998ರಲ್ಲಿ. ಲ್ಯಾಬಿನಲ್ಲಿ 741 ಆಪ್-ಆ್ಯಂಪು ಚಿಪ್ಪು, 8085 ಮೈಕ್ರೊಪ್ರೊಸೆಸರ್ ಕಿಟ್ಟು, ಒಂದು ಆಸಿಲೋಸ್ಕೋಪಿಗೆ ನಾಲ್ಕು ಬ್ಯಾಚು. ಡಿಎಸ್‌ಪಿ ಪೇಪರ್ ಬಂದಾಗ ಅದನ್ನು ತೆಗೆದುಕೊಳ್ಳಲು ವಿಭಾಗದಲ್ಲಿ ಯಾರೂ ಇರಲಿಲ್ಲ. ನಾನು ಕೈ ಎತ್ತಿದೆ. ರಾತ್ರಿ ಓದಿ ಬೆಳಿಗ್ಗೆ ಪಾಠ ಮಾಡಿದೆ.

ಮೊದಲ ಐದು ವರ್ಷ ನಾನು ಪಾಠ ಮಾಡಿದ್ದು ಚೆನ್ನಾಗಿರಲಿಲ್ಲ. ಸಿಗ್ನಲ್‌ನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಇವೆ ಅಂತ ಕಂಡುಹಿಡಿಯುವ ಲೆಕ್ಕ ಡಿಎಫ್‌ಟಿ, ಅದನ್ನು ಬೇಗ ಮಾಡುವ ದಾರಿ ಎಫ್‌ಎಫ್‌ಟಿ. ಹುಡುಗರು 8 ಪಾಯಿಂಟ್ ಎಫ್‌ಎಫ್‌ಟಿಯ ಬಟರ್‌ಫ್ಲೈ ಚಿತ್ರ (ಲೆಕ್ಕದ ಹೆಜ್ಜೆಗಳ ನಕ್ಷೆ) ಬಾಯಿಪಾಠ ಮಾಡಿ ಅಂಕ ತೆಗೆಯುತ್ತಿದ್ದರು, ಅದು ಯಾಕೆ ಬೇಕು ಅಂತ ಒಬ್ಬನಿಗೂ ಗೊತ್ತಿರಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ಬರೀ ಲೆಕ್ಕ ಮಾಡಿ ತೋರಿಸಿದೆ. 1024 ಪಾಯಿಂಟಿನ ಡಿಎಫ್‌ಟಿಯನ್ನು ನೇರವಾಗಿ ಮಾಡಿದರೆ 10 ಲಕ್ಷಕ್ಕಿಂತ ಜಾಸ್ತಿ ಕಾಂಪ್ಲೆಕ್ಸ್ ಗುಣಾಕಾರ. ಕೂಲಿ ಮತ್ತು ಟ್ಯೂಕಿ ಅನ್ನುವ ಇಬ್ಬರು 1965ರಲ್ಲಿ ಕೊಟ್ಟ ಎಫ್‌ಎಫ್‌ಟಿ ದಾರಿಯಲ್ಲಿ ಹೋದರೆ 5120. ಕ್ಲಾಸು ಸುಮ್ಮನಾಯಿತು. ಒಬ್ಬ ಹುಡುಗ ‘ಸರ್, ಹಾಗಾದರೆ ದಿನದ ಕೆಲಸ ಕೆಲವು ನಿಮಿಷಕ್ಕೆ ಇಳಿಯಿತಲ್ವಾ’ ಅಂದ. ಅವತ್ತಿನಿಂದ ನಾನು ಬಟರ್‌ಫ್ಲೈ ಚಿತ್ರವನ್ನು ಕೊನೆಗೆ ಬರೆಯಲು ಶುರು ಮಾಡಿದೆ.

ನನ್ನ ಪಿಎಚ್‌ಡಿ ಹೇಗೆ ಶುರು ಆಯಿತು ಅಂದರೆ, ಪರಿಚಯದ ಡಾಕ್ಟರೊಬ್ಬರು ಒಂದು ಮಳೆಗಾಲದಲ್ಲಿ ಇಸಿಜಿ ಕಾಗದ ತಂದು ತೋರಿಸಿದರು. ಗೆರೆಯ ತುಂಬಾ ಸಣ್ಣ ನಡುಕ. ಅದು ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು, ಎಲ್ಲರಿಗೂ ಗೊತ್ತಿರುವ ವಿಷಯ. 50ಕ್ಕೆ ಒಂದು ನಾಚ್ ಫಿಲ್ಟರ್ (ಆ ಒಂದು ಫ್ರೀಕ್ವೆನ್ಸಿಯನ್ನು ಮಾತ್ರ ಕತ್ತರಿಸುವುದು) ಹಾಕಿದರೆ ಹೋಗಬೇಕು. ಬೇಸಿಗೆಯಲ್ಲಿ ಹೋಗುತ್ತಿತ್ತು, ಮಳೆಗಾಲದಲ್ಲಿ ಹೋಗುತ್ತಿರಲಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಮಳೆಗೆ ಕರೆಂಟ್ ಹೋದಾಗ ಅವರು ಜನರೇಟರ್ ಹಾಕುತ್ತಾರೆ, ಜನರೇಟರಿನ ಫ್ರೀಕ್ವೆನ್ಸಿ ಲೋಡು ಏರಿದಾಗ ಇಳಿದಾಗ ಆಚೀಚೆ ಓಡುತ್ತದೆ, ನನ್ನ ಫಿಲ್ಟರ್ ಮಾತ್ರ 50ರಲ್ಲೇ ಕೂತಿರುತ್ತದೆ. ಓಡುವ ಸದ್ದಿನ ಹಿಂದೆ ತಾನೂ ಓಡುವ ಫಿಲ್ಟರ್ ಬೇಕಿತ್ತು. ಅದಕ್ಕೆ ವಿಡ್ರೋ ಮತ್ತು ಹಾಫ್ 1960ರಲ್ಲಿ ಕೊಟ್ಟ ಎಲ್‌ಎಂಎಸ್ ಅಲ್ಗಾರಿದಮ್ (ತಪ್ಪು ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವ ಲೆಕ್ಕದ ಕ್ರಮ) ಇತ್ತು. ಅಲ್ಲಿಂದ ಶುರು ಮಾಡಿದೆ. ಆಗ ನನಗೆ 38. ಪಾರ್ಟ್ ಟೈಮ್ ಮಾಡಿ ಮುಗಿಸುವಾಗ 44.

ಆ ಆರು ವರ್ಷ ಹೆಂಡತಿ ಒಬ್ಬಳೇ ಮನೆ ನಡೆಸಿದಳು. ಮಗನ ಹೈಸ್ಕೂಲು ಹೇಗೆ ಮುಗಿಯಿತು ಅಂತ ನನಗೆ ಸರಿಯಾಗಿ ನೆನಪೇ ಇಲ್ಲ. ಪಾರ್ಟ್ ಟೈಮ್ ಅಂದರೆ ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ವಯಸ್ಸಿನಲ್ಲಿ, ಮನೆಯವರ ಒಪ್ಪಿಗೆ ಇದ್ದರೆ, ಫುಲ್ ಟೈಮ್ ಹೋಗಿ ಅಂತ ನನ್ನ ಅಭಿಪ್ರಾಯ.

ಈಗ ನಿಮ್ಮ ಚೆಂಡೆ ವಿಷಯ. ‘ಟಾಪಿಕ್ಕೇ ಅಲ್ಲ’ ಅಂದದ್ದು ಓದಿ ನನಗೆ ನಾಸಿರ್ ಅಹಮದ್ ನೆನಪಾದರು. ಅವರು ಬೆಂಗಳೂರಿನಲ್ಲಿ ಹುಟ್ಟಿದವರು. ಈಗ ಯುವಿಸಿಇ ಅಂತ ಕರೆಯುವ ಕಾಲೇಜಿನಲ್ಲಿ 1961ರಲ್ಲಿ ಬಿ.ಇ. ಮುಗಿಸಿ ಅಮೆರಿಕಕ್ಕೆ ಹೋದರು. ನ್ಯೂ ಮೆಕ್ಸಿಕೋದಲ್ಲಿ 1966ರಲ್ಲಿ ಪಿಎಚ್‌ಡಿ ಆಯಿತು, ಸ್ವಲ್ಪ ಕಾಲ ಹನಿವೆಲ್ ಕಂಪನಿಯಲ್ಲಿದ್ದರು, 1968ರಲ್ಲಿ ಕನ್ಸಾಸ್ ಸ್ಟೇಟ್ ಯೂನಿವರ್ಸಿಟಿಗೆ ಪಾಠ ಮಾಡಲು ಬಂದರು. 1972ರಲ್ಲಿ ಕೊಸೈನ್ ಬಳಸುವ ಒಂದು ಟ್ರಾನ್ಸ್‌ಫಾರ್ಮ್ (ಸಿಗ್ನಲನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಬಗ್ಗೆ ಕೆಲಸ ಮಾಡುತ್ತೇನೆ, ದುಡ್ಡು ಕೊಡಿ ಅಂತ ಅಲ್ಲಿನ ಸರ್ಕಾರದ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಕೊಡಲಿಲ್ಲ. ಇದು ತೀರಾ ಸರಳ ಅಂತ ಅರ್ಜಿ ನೋಡಿದ ಒಬ್ಬರು ಬರೆದಿದ್ದರಂತೆ. ಅಹಮದ್ ಬಿಡಲಿಲ್ಲ. 1973ರ ಬೇಸಿಗೆ ರಜೆಯಲ್ಲಿ ಸಂಬಳ ಇಲ್ಲದೆ ಅದರ ಮೇಲೆಯೇ ಕೂತರು. ಜೊತೆಗೆ ಅವರ ವಿದ್ಯಾರ್ಥಿ ಟಿ. ನಟರಾಜನ್, ಗೆಳೆಯ ಕೆ. ಆರ್. ರಾವ್. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ಚಿಕ್ಕ ಪೇಪರ್ ಬಂತು. ಅದೇ ಡಿಸಿಟಿ, ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಮುಂದೆ 1992ರಲ್ಲಿ ಫೋಟೋವನ್ನು ಚಿಕ್ಕ ಫೈಲು ಮಾಡುವ ಜೆಪೆಗ್ ಬಂದಾಗ ಚಿತ್ರವನ್ನು 8 ಗುಣಿಸು 8ರ ಚೌಕ ಮಾಡಿ ಪ್ರತಿ ಚೌಕಕ್ಕೂ ಇದನ್ನೇ ಹಾಕಿದರು. ನಿಮ್ಮ ಮಗಳ ಫೋಟೋ ನಿಮ್ಮ ಫೋನಿನಲ್ಲಿ ಇಷ್ಟು ಚಿಕ್ಕ ಫೈಲಾಗಿ ಕೂರುವುದು ಆ ಬೇಸಿಗೆಯ ಕೆಲಸದಿಂದ. ನಾನು ಪ್ರತಿ ವರ್ಷ ಡಿಸಿಟಿ ಪಾಠದ ಮೊದಲ ಹತ್ತು ನಿಮಿಷ ಈ ಕಥೆ ಹೇಳುತ್ತಿದ್ದೆ.

ಇನ್ನು ನಮ್ಮ ವಾದ್ಯದ ಸದ್ದು ವಿಜ್ಞಾನಕ್ಕೆ ತಕ್ಕ ವಿಷಯ ಅಲ್ಲ ಅನ್ನುವವರಿಗೆ ಒಂದೇ ಉತ್ತರ ಸಾಕು. ಸಿ. ವಿ. ರಾಮನ್ ಕಲ್ಕತ್ತಾದಲ್ಲಿ ಪ್ರೊಫೆಸರ್ ಆಗಿದ್ದಾಗ 1920ರಲ್ಲಿ ಮೃದಂಗ, ತಬಲಾಗಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಸಾಮಾನ್ಯ ಡೋಲಿನ ಚರ್ಮದ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ನಮ್ಮವರು ನಡುವೆ ಕರಣೆ, ಅಂದರೆ ಕಪ್ಪು ಲೇಪ, ಹಾಕಿ ಹೊಂದುವ ಹಾಗೆ ಮಾಡಿದ್ದಾರೆ ಅಂತ ತೋರಿಸಿದರು. ನಿಮ್ಮ ತಂದೆಯವರ ಮದ್ದಳೆಯಲ್ಲೂ ಕರಣೆ ಉಂಟಲ್ವಾ? ಚೆಂಡೆಯಲ್ಲಿ ಇಲ್ಲ. ನಿಮ್ಮ ಪ್ರಾಬ್ಲಮ್ಮಿನ ಅರ್ಧ ಕೀಲಿ ಅಲ್ಲೇ ಇರಬಹುದು, ಮದ್ದಳೆಯಲ್ಲಿ ಸ್ವರ ಸ್ವಲ್ಪ ಹೊತ್ತು ಉಳಿದು ನಿಲ್ಲುತ್ತದೆ, ಚೆಂಡೆಯಲ್ಲಿ ಪೆಟ್ಟು ಮಾತ್ರ ಬಂದು ಹೋಗುತ್ತದೆ. ನಾಳೆಯೇ ಎರಡರ ಸ್ಪೆಕ್ಟ್ರೋಗ್ರಾಮ್ (ಯಾವ ಹೊತ್ತಿಗೆ ಯಾವ ಫ್ರೀಕ್ವೆನ್ಸಿ ಇದೆ ಅಂತ ತೋರಿಸುವ ಚಿತ್ರ) ತೆಗೆದು ಅಕ್ಕಪಕ್ಕ ಇಟ್ಟು ನೋಡಿ.

---

ದೀಪಸ್ತಂಭದ ಹತ್ತಿರ ಬರೆದದ್ದು:

ಅಕ್ಕಾ, ನಾನು ಸುರತ್ಕಲ್‌ನಲ್ಲೇ ಸ್ಪೀಚ್ ಪ್ರೊಸೆಸಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನಾಲ್ಕನೇ ವರ್ಷ. ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಮನೆಯಲ್ಲಿ ಮೊದಲು ಕೇಳುವುದು ಅದನ್ನೇ. ಫುಲ್ ಟೈಮ್ ಆದರೆ 2023ರ ಜನವರಿಯಿಂದ ಅನ್ವಯ ಆಗುವಂತೆ ಏರಿಸಿದ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, ಆಮೇಲೆ 42,000. ಅದರ ಬದಲು ಬಿ.ಟೆಕ್ ಲ್ಯಾಬು, ಟ್ಯುಟೋರಿಯಲ್ ನೋಡಿಕೊಳ್ಳಬೇಕು. ನಿಮಗೆ ಅದು ಕಷ್ಟವೇ ಅಲ್ಲ. ಅನೇಕ ಖಾಸಗಿ ಕಾಲೇಜಿನ ಸಂಬಳಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಆದರೆ ಪಿಎಫ್ ಇಲ್ಲ, ಮತ್ತೆ ಕೆಲವು ತಿಂಗಳು ತಡವಾಗಿ ಬರಬಹುದು, ಕೈಯಲ್ಲಿ ಸ್ವಲ್ಪ ಇಟ್ಟುಕೊಂಡೇ ಸೇರಿ.

ಸಮಯದ ಲೆಕ್ಕ: ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಹೆಂಗಸರಿಗೆ ಅದರ ಮೇಲೆ 2 ವರ್ಷದ ಸಡಿಲಿಕೆ ಉಂಟು, ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಒಟ್ಟು 240 ದಿನದವರೆಗೆ ರಜೆ ಉಂಟು. ಎನ್‌ಐಟಿಗಳಿಗೆ ಅವರದ್ದೇ ಆದ ನಿಯಮ ಪುಸ್ತಕ ಇರುತ್ತದೆ, ಸೇರುವ ಮೊದಲೇ ಅದನ್ನು ಕೂತು ಓದಿ. ಪಾರ್ಟ್ ಟೈಮ್ ಆದರೆ ನಿಮ್ಮ ಕಾಲೇಜಿನ ಎನ್‌ಓಸಿ (ನಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ) ಬೇಕು. ನಮ್ಮ ಪಕ್ಕದ ಲ್ಯಾಬಿನ ಮೇಡಂ ಒಬ್ಬರಿಗೆ ಎನ್‌ಓಸಿ ಕೊಟ್ಟರು, ಕೋರ್ಸ್‌ವರ್ಕಿಗೆ ಬಿಡುವು ಕೊಡಲಿಲ್ಲ. ಮೊದಲ ವರ್ಷವೆಲ್ಲಾ ಆ ಜಗಳದಲ್ಲೇ ಹೋಯಿತು. ಎನ್‌ಓಸಿಯಲ್ಲಿ ವಾರಕ್ಕೆ ಎಷ್ಟು ದಿನ ಬಿಡುತ್ತೇವೆ ಅಂತ ಬರೆಸಿಕೊಳ್ಳಿ, ಬಾಯಿ ಮಾತು ಬೇಡ.

ಎಲ್ಲಕ್ಕಿಂತ ಮುಖ್ಯ ಗೈಡು. ವೆಬ್‌ಸೈಟಿನ ಫೋಟೋ ನೋಡಿ ಆರಿಸಬೇಡಿ. ಅವರ ಕಳೆದ ಐದು ವರ್ಷದ ಪೇಪರ್ ಓದಿ, ಅವರ ಹತ್ತಿರ ಮುಗಿಸಿ ಹೋದವರಿಗೆ ಫೋನ್ ಮಾಡಿ, ಮುಗಿಸದೆ ಹೋದವರಿಗೂ ಫೋನ್ ಮಾಡಿ. ಮತ್ತೆ ಚೆಂಡೆ ವಿಷಯ ಮೊದಲ ಭೇಟಿಯಲ್ಲೇ ಹೇಳಿ. ಮುಖ ನೋಡಿದರೆ ಗೊತ್ತಾಗುತ್ತದೆ.

ನನ್ನ ಕೆಲಸ ಕಂಪ್ಯೂಟರಿನಿಂದ ತುಳು ಮಾತು ಗುರುತಿಸುವುದು. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಅಂದವರು 18 ಲಕ್ಷಕ್ಕಿಂತ ಜಾಸ್ತಿ, ಆದರೆ ಮಾತು ಮತ್ತು ಅದರ ಬರಹ ಎರಡೂ ಜೊತೆಯಾಗಿ ಸಿಗುವುದು ತೀರಾ ಕಮ್ಮಿ. ನಾವು ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಪದದ ಕೊನೆಗೆ ಬರುವ ಆ ಅರ್ಧ ಉಕಾರಕ್ಕೆ ಕನ್ನಡದಲ್ಲಿ ಸರಿಯಾದ ಅಕ್ಷರ ಇಲ್ಲ. ಒಬ್ಬರು ಉ ಹಾಕುತ್ತಾರೆ, ಒಬ್ಬರು ಅರ್ಧಾಕ್ಷರ ಬರೆದು ಬಿಡುತ್ತಾರೆ. ಒಂದೇ ಸದ್ದಿಗೆ ಎರಡು ಬರಹ ಆದರೆ ಮಾಡೆಲ್ ಕಲಿಯುವುದು ಹೇಗೆ? ಒಂದೂವರೆ ವರ್ಷ ನಾನು ಊರೂರು ತಿರುಗಿ ಅಜ್ಜಿಯರ ಮಾತು ರೆಕಾರ್ಡ್ ಮಾಡಿ, ಬರೆಯುವ ಕ್ರಮ ಸರಿ ಮಾಡುವುದರಲ್ಲೇ ಕಳೆದೆ. ಪೇಪರ್ ಎರಡು ಸಲ ವಾಪಸ್ ಬಂತು. ಮೂರನೇ ಸಲ ಒಪ್ಪಿಗೆ ಆಯಿತು. ನಿಮ್ಮದರಲ್ಲೂ ಡೇಟಾ ಮಾಡುವುದೇ ಮೊದಲ ಎರಡು ವರ್ಷದ ಕೆಲಸ ಆಗುತ್ತದೆ ಅಂತ ಮನಸ್ಸಲ್ಲಿ ಇಟ್ಟುಕೊಳ್ಳಿ. ದುಡ್ಡು ತೆಗೆದುಕೊಂಡು ಹದಿನೈದು ದಿನದಲ್ಲಿ ಪ್ರಿಂಟ್ ಮಾಡುವ ಜರ್ನಲ್‌ಗಳ ಕಡೆ ಮಾತ್ರ ಹೋಗಬೇಡಿ, ಆಮೇಲೆ ಯಾವ ಇಂಟರ್‌ವ್ಯೂನಲ್ಲೂ ಅದನ್ನು ಹೇಳಿಕೊಳ್ಳಲು ಆಗುವುದಿಲ್ಲ.

---

ಮೂಲ್ಕಿಯವ ಬರೆದದ್ದು:

ನಾನು ಬೆಂಗಳೂರಿನಲ್ಲಿ 11 ವರ್ಷದಿಂದ ಇಯರ್‌ಫೋನಿನ ನಾಯ್ಸ್ ಕ್ಯಾನ್ಸಲೇಷನ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಕಂಪನಿ ಕಡೆಯ ಮಾತು ಹೇಳುವವರು ಇಲ್ಲಿ ಒಬ್ಬರಾದರೂ ಬೇಕು ಅಂತ ಬರೆಯುತ್ತಿದ್ದೇನೆ.

ಸಂಬಳ ನಿಜ, ಕಲಿಯುವುದೂ ಜಾಸ್ತಿ. ಈಗ ಎಲ್ಲಾ ಕಡೆ ನ್ಯೂರಲ್ ನೆಟ್‌ವರ್ಕ್ ಬಂದಿದೆ, ಆದರೂ ನಮ್ಮಲ್ಲಿ ಎಡವಟ್ಟು ಆದಾಗ ಹುಡುಕಿ ಕೊಡುವವರು ಸ್ಯಾಂಪ್ಲಿಂಗ್, ಅಲಿಯಾಸಿಂಗ್, ಫಿಕ್ಸೆಡ್ ಪಾಯಿಂಟ್ ಓವರ್‌ಫ್ಲೋ ಅಂತಹ ಡಿಎಸ್‌ಪಿಯ ಬುನಾದಿ ಗಟ್ಟಿ ಇರುವವರೇ. ಹೋದ ವರ್ಷ ಒಂದು ಮಾಡೆಲ್ ಲ್ಯಾಬಿನಲ್ಲಿ ಚೆನ್ನಾಗಿ ನಡೆದು ಬೋರ್ಡಿನ ಮೇಲೆ ಕಿರುಚುತ್ತಿತ್ತು. ಮೂರು ವಾರ ಮಾಡೆಲನ್ನೇ ಮತ್ತೆ ಮತ್ತೆ ಟ್ರೈನ್ ಮಾಡಿದರು. ಕೊನೆಗೆ ಸಿಕ್ಕಿದ್ದು, ಸ್ಯಾಂಪ್ಲಿಂಗನ್ನು 48 ಕಿಲೋಹರ್ಟ್ಸಿನಿಂದ 16ಕ್ಕೆ ಇಳಿಸುವಾಗ ಮೊದಲು ಹಾಕಬೇಕಾದ ಲೋ ಪಾಸ್ ಫಿಲ್ಟರ್ (ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವುದು) ಬಿಟ್ಟುಹೋಗಿತ್ತು. ಹುಡುಕಿದ ಹುಡುಗಿ ನಮ್ಮ ಕಡೆಯ ಕಾಲೇಜಿನವಳು, ನಿಮ್ಮಂತಹ ಯಾರೋ ಮೇಡಂ ಹತ್ತಿರ ಡಿಎಸ್‌ಪಿ ಕಲಿತವಳು.

ಆದರೆ ಒಂದು ವಿಷಯ ಯೋಚನೆ ಮಾಡಿ. ಕಂಪನಿಯಲ್ಲಿ ಪ್ರಾಬ್ಲಂ ನಿಮ್ಮದಲ್ಲ. ಪ್ರಾಡಕ್ಟ್ ನಿಂತರೆ ಎರಡು ವರ್ಷದ ಕೆಲಸ ಒಂದೇ ಮೀಟಿಂಗಿನಲ್ಲಿ ಮುಚ್ಚಿಹೋಗುತ್ತದೆ. ನನಗೆ ಎರಡು ಸಲ ಆಗಿದೆ. ಚೆಂಡೆ ಬಗ್ಗೆ ಅಲ್ಲಿ ಯಾರೂ ಕೇಳುವುದಿಲ್ಲ. ಮುಂದೆ ಪಾಠಕ್ಕೆ ವಾಪಸ್ ಬರುತ್ತೇನೆ ಅಂತ ಅಂದುಕೊಂಡು ಹೋಗುವವರಿಗೂ ಒಂದು ಮಾತು. ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ ಯುಜಿಸಿ 2022ರಲ್ಲಿ ಒಂದು ದಾರಿ ಮಾಡಿದೆ, ಪಿಎಚ್‌ಡಿ ಬೇಡ, ಆದರೆ 15 ವರ್ಷದ ಅನುಭವ ಬೇಕು, ಮತ್ತೆ ಅದು ಕೆಲವೇ ವರ್ಷದ ನೇಮಕ. ಕಾಯಂ ಹುದ್ದೆ ಬೇಕಾದರೆ ಕೊನೆಗೆ ಪಿಎಚ್‌ಡಿಗೇ ಬರಬೇಕು. ತಾಂತ್ರಿಕ ಶಿಕ್ಷಣದ ನಿಯಮ ಮಾಡುವ ಎಐಸಿಟಿಇ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ಜೊತೆ ಒಟ್ಟು 8 ವರ್ಷದ ಅನುಭವ, ಅದರಲ್ಲಿ 2 ವರ್ಷವಾದರೂ ಪಿಎಚ್‌ಡಿ ಆದ ಮೇಲಿನದ್ದು. ನಿಮಗೆ ಆಗಲೇ 6 ಉಂಟು. 31ರಲ್ಲಿ ಸೇರಿದರೆ 40ರ ಒಳಗೆ ಅಲ್ಲಿ ಇರುತ್ತೀರಿ.

ಮನೆಯಲ್ಲಿ ಸಾಲ ಉಂಟಾ? ಇದ್ದರೆ ನನ್ನ ಮಾತು ಬೇರೆ. ಆಗ ಕಂಪನಿಗೆ ಹೋಗಿ, ಮೂರು ವರ್ಷ ಮಾಡಿ, ಸಾಲ ತೀರಿಸಿ ಬನ್ನಿ.

---

ಕಾಪು ಕಡಲು ಬರೆದದ್ದು:

ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎರಡು ದಿನದಿಂದ ಓದಿ ಓದಿ ಗಂಡನಿಗೂ ಓದಿ ಹೇಳಿದೆ. ಮೂಲ್ಕಿ ಅಣ್ಣ, ಮನೆ ಸಾಲ ಇಲ್ಲ, ಅಪ್ಪನ ಮನೆಯಲ್ಲೇ ಇದ್ದೇವೆ. ಮಗಳನ್ನು ಅಮ್ಮ ನೋಡಿಕೊಳ್ಳುತ್ತಾರೆ. ಫುಲ್ ಟೈಮ್ ಅಂದರೆ ಬಸ್ಸಲ್ಲಿ ಹೋಗಿ ಬರಬಹುದು, ಹಾಸ್ಟೆಲ್ ಬೇಡ. ಮುಂದಿನ ಅಡ್ಮಿಷನ್‌ಗೆ ಅರ್ಜಿ ಹಾಕುವುದು ಅಂತ ತೀರ್ಮಾನ ಮಾಡಿದ್ದೇವೆ. ಕಂಪನಿಯವರಿಗೆ ಸೋಮವಾರ ಹೇಳುತ್ತೇನೆ.

ಮೇಷ್ಟ್ರೇ, ನೀವು ಹೇಳಿದ ಹಾಗೆ ನಿನ್ನೆ ಅಪ್ಪನ ಮದ್ದಳೆ ಹೊರಗೆ ತೆಗೆದೆ. ಅಪ್ಪ ಹೋಗಿ 5 ವರ್ಷ. ಕರಣೆ ಸ್ವಲ್ಪ ಬಿರುಕು ಬಿಟ್ಟಿದೆ, ಸ್ವರ ಇನ್ನೂ ನಿಲ್ಲುತ್ತದೆ. ಪಕ್ಕದ ಮನೆಯ ಹುಡುಗ ಚೆಂಡೆ ಕಲಿಯುತ್ತಾನೆ, ಅವನದ್ದೂ ಹಿಡಿದೆ. ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಸ್ಪೆಕ್ಟ್ರೋಗ್ರಾಮ್ ತೆಗೆದೆ. ಮದ್ದಳೆಯಲ್ಲಿ ಅಡ್ಡ ಗೆರೆಗಳು ಸ್ಪಷ್ಟ, ಸಮ ಅಂತರದಲ್ಲಿ ಬಂದವು. ನೋಡಿ ಕಣ್ಣು ತುಂಬಿತು. ಚೆಂಡೆ ಮಾತ್ರ ಸರಿ ಬರುತ್ತಿಲ್ಲ. 44.1 ಕಿಲೋಹರ್ಟ್ಸಿಗೆ 1024ರ ವಿಂಡೋ (ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ಸದ್ದಿನ ತುಂಡು) ಹಾಕಿದರೆ 23 ಮಿಲಿಸೆಕೆಂಡ್, ವೇಗವಾಗಿ ಬಾರಿಸುವ ಉರುಳಿಕೆಯಲ್ಲಿ ಪೆಟ್ಟುಗಳ ಅಂಚು ಮಸುಕಾಗುತ್ತದೆ. 256ಕ್ಕೆ ಇಳಿಸಿದರೆ ಅಂಚು ಚೂಪಾಗುತ್ತದೆ, ಆದರೆ ಮದ್ದಳೆಯ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದರ ಮೇಲೆ ಮೊದಲ ಕೆಲವು ಪೆಟ್ಟು ಜೋರಾಗಿ ಬಂದು ಆಮೇಲಿನವು ತಾವಾಗಿಯೇ ಸಣ್ಣ ಆಗಿವೆ. ಹುಡುಗ ಒಂದೇ ಜೋರಿನಲ್ಲಿ ಬಾರಿಸಿದ್ದ.

---

ಮೂಲ್ಕಿಯವ ಬರೆದದ್ದು:

ಸಣ್ಣ ಆದದ್ದು ಚೆಂಡೆಯ ತಪ್ಪಲ್ಲ, ಫೋನಿನದ್ದು. ಅದರಲ್ಲಿ ಆಟೋಮ್ಯಾಟಿಕ್ ಗೇನ್ ಕಂಟ್ರೋಲ್ ಇರುತ್ತದೆ, ಜೋರು ಸದ್ದು ಬಂದ ತಕ್ಷಣ ತಾನೇ ತಗ್ಗಿಸುತ್ತದೆ. ಜೊತೆಗೆ ಮಾತಿಗೆ ಅಂತ ಮಾಡಿದ ನಾಯ್ಸ್ ಸಪ್ರೆಷನ್ ಬೇರೆ, ಅದು ಚೆಂಡೆಯನ್ನೇ ನಾಯ್ಸ್ ಅಂದುಕೊಳ್ಳುತ್ತದೆ. ಫೋನಿನ ರೆಕಾರ್ಡಿಂಗ್ ಈ ಕೆಲಸಕ್ಕೆ ಬೇಡ. ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದು ನನ್ನ ಹತ್ತಿರ ಉಂಟು, ಊರಿಗೆ ಬರುವಾಗ ತಂದು ಕೊಡುತ್ತೇನೆ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು. ಗೇನ್ ಕೈಯಲ್ಲೇ ಇಡಿ, ಅತಿ ಜೋರಿನ ಪೆಟ್ಟಿಗೂ ಮೀಟರ್ ಕೆಂಪಿಗೆ ಹೋಗದ ಹಾಗೆ.

---

ಹಳೆ ಇಸಿ ಮೇಷ್ಟ್ರು ಬರೆದದ್ದು:

ವಿಂಡೋ ಎರಡು ಇಟ್ಟುಕೊಳ್ಳಿ ಮೇಡಂ. ಒಂದೇ ರೆಕಾರ್ಡಿಂಗಿಗೆ ಉದ್ದದ್ದು ಒಂದು, ಗಿಡ್ಡದ್ದು ಒಂದು. ಅಡ್ಡ ಗೆರೆ ಮದ್ದಳೆ ಮತ್ತು ಭಾಗವತರದ್ದು, ನೆಟ್ಟಗೆ ನಿಂತ ಗೆರೆ ಚೆಂಡೆಯದ್ದು. ಮೊದಲು ಅಷ್ಟನ್ನು ಬೇರೆ ಮಾಡಿ ನೋಡಿ, ಆಮೇಲೆ ವೇವ್ಲೆಟ್‌ನಂತಹ ದೊಡ್ಡ ಲೆಕ್ಕದ ಮಾತು. ಯಕ್ಷಗಾನದ ಎರಡು ತಿಟ್ಟು, ತೆಂಕಿನ ಚೆಂಡೆ, ಬಡಗಿನ ಚೆಂಡೆ ಎರಡೂ ಹಿಡಿಯಿರಿ, ಎರಡರ ನಾದ ಬೇರೆ. ನೀವು ಗೈಡನ್ನು ನೋಡಲು ಹೋಗುವ ದಿನ ಆ ಎರಡು ಚಿತ್ರ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೋಗಿ. ಮದ್ದಳೆಯ ಕರಣೆಯನ್ನು ಮಾತ್ರ ಈಗಲೇ ರಿಪೇರಿ ಮಾಡಿಸಬೇಡಿ. ಬಿರುಕು ಇರುವಾಗಿನ ಸದ್ದನ್ನು ಮೊದಲು ಒಳ್ಳೆ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಳ್ಳಿ.